ನಾಲ್ಕು ಚಮಚ ಶುಂಠಿ

ಪರದೆಯ ಅಳತೆಗೆಂದು ಯಾರ ಮನೆಗೆ ಹೋದರೂ ಪರದೆಯಕ್ಕನ ಕಣ್ಣು ಕಿಟಕಿಗಿಂತ ಮೊದಲು ಮೇಜಿನ ಖಾನೆಗಳ ಮೇಲೆ ಬೀಳುತ್ತಿತ್ತು. ಕಿಟಕಿ ಎಲ್ಲಿಗೂ ಓಡಿಹೋಗುವುದಿಲ್ಲ, ಖಾನೆಯ ತಳಕ್ಕೆ ಹಾಸಿದ ಕಾಗದ ಮಾತ್ರ ಯಾವತ್ತು ಬೇಕಾದರೂ ರದ್ದಿಗೆ ಹೋಗಬಹುದು ಎಂಬುದು ಅವಳ ಲೆಕ್ಕಾಚಾರ. ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಉದ್ದ ಅಗಲ ಬರೆದುಕೊಂಡ ಮೇಲೆ ಮನೆಯವರನ್ನು ಮೆಲ್ಲಗೆ ಕೇಳುವಳು: ಹಳೆಯ ಕ್ರಿಸ್‌ಮಸ್ ಕಾರ್ಡೇನಾದರೂ ಇದೆಯೇ? ಹಿಟ್ಟಿನ ಪೊಟ್ಟಣದ ಜೊತೆಗೋ ಹೊಸ ಒಲೆಯ ಜೊತೆಗೋ ಬಂದ ಅಡುಗೆಯ ಕರಪತ್ರ? ಕೆಲವರು ನಗುತ್ತಿದ್ದರು. ಕೆಲವರು ಕದಿಯಲು ಬಂದವಳನ್ನು ನೋಡುವ ಹಾಗೆ ನೋಡುತ್ತಿದ್ದರು. ಆದರೂ ಅಲ್ಲೊಬ್ಬರು ಇಲ್ಲೊಬ್ಬರು ಅಟ್ಟದಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ, ಧೂಳು ಊದಿ, ಅವಳ ಮುಂದೆ ಇಡುತ್ತಿದ್ದರು. ಆ ಹೊತ್ತಿನಲ್ಲಿ ಪರದೆಯಕ್ಕನಿಗೆ ಪರದೆಯೂ ಬೇಡ, ಊಟವೂ ಬೇಡ.

ಹೀಗೆ ಕೂಡಿದ ಕಾಗದ ಮನೆಯ ಮಂಚದ ಕೆಳಗಿನ ಪೆಟ್ಟಿಗೆಗಳನ್ನೆಲ್ಲ ತುಂಬಿ, ಅವಳು ಪರದೆ ಹೊಲಿಯುವ ಅಂಗಡಿಯ ಕಪಾಟಿಗೂ ಕಾಲಿಟ್ಟಿತ್ತು. ಬಸ್ಸು ಓಡಿಸುವ ಗಂಡ, ಈ ಮನೆಯಲ್ಲಿ ತನಗಿಂತ ರದ್ದಿಗೇ ಮರ್ಯಾದೆ ಜಾಸ್ತಿ ಎಂದು ಗೊಣಗುತ್ತಿದ್ದ. ಹಾಗೆ ಗೊಣಗುತ್ತಲೇ ದೂರದ ಊರಿನ ಟ್ರಿಪ್ಪಿನಿಂದ ಬರುವಾಗ ಅಂಗಿಯ ಜೇಬಿನಲ್ಲಿ ಒಂದೆರಡು ಕಾರ್ಡು ಮಡಿಕೆ ಬೀಳದಂತೆ ಇಟ್ಟುಕೊಂಡು ಬರುವವನೂ ಅವನೇ.

ಕೂಡಿಡುವವರು ಸಾಮಾನ್ಯವಾಗಿ ಜಿಪುಣರು. ತಾವೂ ತಿನ್ನರು, ಪರರಿಗೂ ಕೊಡರು. ಪರದೆಯಕ್ಕ ಆ ಜಾತಿಯವಳಲ್ಲ. ಒಂದೇ ಬಗೆಯ ಕಾರ್ಡು ಎರಡು ಸಿಕ್ಕರೆ ಒಂದನ್ನು ಕೇಳಿದವರಿಗೆ ಕೊಟ್ಟುಬಿಡುತ್ತಿದ್ದಳು. ಅಂಗಡಿಯ ಗಾಜಿನ ಹಿಂದೆ ದಾರ ಕಟ್ಟಿ, ಬಟ್ಟೆಯ ಕ್ಲಿಪ್ಪಿನಲ್ಲಿ ಕಾರ್ಡುಗಳನ್ನೂ ಕರಪತ್ರಗಳನ್ನೂ ನೇತುಹಾಕಿ, ಆಗಾಗ ಬದಲಿಸುತ್ತಿದ್ದಳು. ದಾರಿಯಲ್ಲಿ ಹೋಗುವವರು ನಿಂತು ಪುಡ್ಡಿಂಗಿನ ವಿಧಾನವನ್ನು ಕೈಮೇಲೆ ಬರೆದುಕೊಂಡು ಹೋಗುವುದನ್ನು ಹೊಲಿಗೆ ಯಂತ್ರದ ಹಿಂದಿನಿಂದ ನೋಡುವಾಗ ಅವಳ ಎದೆ ಉಬ್ಬುತ್ತಿತ್ತು. ಯಾರೋ ಎಂದೋ ಎಸೆಯಬೇಕಾಗಿದ್ದ ಕಾಗದ ಇವತ್ತು ಇನ್ನೊಬ್ಬರ ಒಲೆಯ ಮೇಲೆ ಬೇಯುತ್ತದೆ ಎಂದರೆ ಅದೇನು ಸಣ್ಣ ಮಾತೇ?

ಎಲ್ಲಕ್ಕಿಂತ ಹೆಚ್ಚಿನ ಹೆಮ್ಮೆ ಮಾತ್ರ ಒಂದು ಪೆಟ್ಟಿಗೆಯಲ್ಲಿತ್ತು. ಅದರಲ್ಲಿದ್ದದ್ದು ಅಪ್ಪ ಅಚ್ಚು ಹಾಕಿದ ಕಾರ್ಡುಗಳು. ಅಪ್ಪ ಹರೆಯದಲ್ಲಿ ಊರಿನ ಮುದ್ರಣಾಲಯದಲ್ಲಿ ಮೊಳೆ ಜೋಡಿಸುತ್ತಿದ್ದವರು. ಸೀಸದ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕೆಲಸ. ಹಗಲು ಮಾಲೀಕನ ಕೆಲಸ ಮುಗಿದ ಮೇಲೆ, ಕತ್ತರಿಸಿ ಉಳಿದ ದಪ್ಪ ಕಾಗದದಲ್ಲಿ ತಮ್ಮದೇ ಕಾರ್ಡು ಮಾಡುತ್ತಿದ್ದರು. ಕಿಟಕಿಯಲ್ಲಿ ತೂಗುವ ಲಾಂದ್ರ, ಹಿಮದ ಮೇಲೆ ಒಂಟಿ ಹಕ್ಕಿ, ಮೂರು ಮೇಣದಬತ್ತಿ. ಚಿತ್ರದಲ್ಲಿ ಲಾಂದ್ರದ ಬೆಳಕಿರುವ ಜಾಗಕ್ಕೆ ಅಂಟುಮಸಿ ಒತ್ತಿ, ಅದು ಒಣಗುವ ಮೊದಲೇ ಹತ್ತಿಯಲ್ಲಿ ಹೊಂಬಣ್ಣದ ಪುಡಿ ಸವರುತ್ತಿದ್ದರು. ಇಷ್ಟು ವರ್ಷವಾದರೂ ಮುಟ್ಟಿದರೆ ಬೆರಳ ತುದಿ ಹೊಳೆಯುತ್ತದೆ. ಕಾರ್ಡಿನ ಹಿಂದೆ, ಕೆಳಗಿನ ಮೂಲೆಯಲ್ಲಿ, ಸಾಸಿವೆಯಷ್ಟು ದೊಡ್ಡದಾಗಿ ಅವರ ಹೆಸರಿನ ಮೊದಲಕ್ಷರ ಇರುತ್ತಿತ್ತು.

ಆ ಅಕ್ಷರ ಒಂದು ವರ್ಷ ಇದ್ದಕ್ಕಿದ್ದಂತೆ ನಿಂತುಹೋಯಿತು. ಅದಕ್ಕೆ ಕಾರಣ ಶುಂಠಿ.

ಅಪ್ಪನಿಗೆ ಒಂದು ಹೆಸರಿತ್ತು: ಕಣ್ಣಿನಿಂದಲ್ಲ, ಕಿವಿಯಿಂದ ಮೊಳೆ ಜೋಡಿಸುವವನು ಎಂದು. ಒಬ್ಬ ಹಸ್ತಪ್ರತಿ ಹಿಡಿದು ಓದುತ್ತ ಹೋದರೆ ಸಾಕು, ಇವರ ಬೆರಳು ತಾವಾಗಿ ಖಾನೆಯಿಂದ ಖಾನೆಗೆ ಹಾರಿ, ಓದುವವನ ಉಸಿರು ಮುಗಿಯುವುದರೊಳಗೆ ಸಾಲು ಮುಗಿದಿರುತ್ತಿತ್ತು. ಹಿಟ್ಟಿನ ಕಂಪನಿಯೊಂದು ಕ್ರಿಸ್‌ಮಸ್‌ಗೆಂದು ಕೇಕಿನ ಕರಪತ್ರ ಅಚ್ಚು ಹಾಕಿಸಿದಾಗಲೂ ಹಾಗೆಯೇ ಜೋಡಿಸಿದರು. ಪಕ್ಕದಲ್ಲಿ ಯಂತ್ರ ದಡಬಡ ಎನ್ನುತ್ತಿತ್ತು. ಓದುವವನು ‘ಕಾಲು ಚಮಚ ಶುಂಠಿ ಪುಡಿ’ ಎಂದ. ಅಪ್ಪನ ಕಿವಿಗೆ ಬಿದ್ದದ್ದು ‘ನಾಲ್ಕು ಚಮಚ’. ಕರಡು ತಿದ್ದುವವನು ಜ್ವರ ಬಂದು ಮಲಗಿದ್ದ. ತಾವೇ ಕಟ್ಟಿದ ಸಾಲನ್ನು ತಾವೇ ಓದಿದರು, ತಪ್ಪು ಕಾಣಲಿಲ್ಲ. ತನ್ನ ಕೂಸಿನ ಮೂಗು ಯಾವ ತಾಯಿಗೆ ಸೊಟ್ಟಗೆ ಕಂಡೀತು?

ಕರಪತ್ರ ಹಿಟ್ಟಿನ ಪೊಟ್ಟಣದೊಳಗೆ ಕೂತು ಮನೆ ಮನೆಗೆ ಹೋಯಿತು. ಹಬ್ಬದ ಕೇಕು ಬಾಯಿಗಿಟ್ಟವರ ಕಣ್ಣಲ್ಲಿ ನೀರು ಬಂತು. ಕಂಪನಿಯವರು ಕಿಡಿಕಾರಿದರು. ಮಾಲೀಕ, ಶುಂಠಿಯಲ್ಲಿ ಎಡವಿದವನು ಶುಂಠನಲ್ಲದೆ ಇನ್ನೇನು ಎಂದ. ಜೊತೆಯವರಂತೂ, ಕಾಲು ನಾಲ್ಕಾದರೆ ಮನುಷ್ಯ ದನವಾಗುತ್ತಾನೆ ಎಂದು ನಕ್ಕರು. ಕಿರಾಣಿ ಅಂಗಡಿಗಳಲ್ಲಿ ಉಳಿದಿದ್ದ ಪ್ರತಿಗಳಿಗೆ ಅಂಟಿಸಲು ಒಂದು ತಿದ್ದುಪಡಿ ಚೀಟಿ ಬೇಕಾಯಿತು. ಅದರ ಮೊಳೆ ಜೋಡಣೆಯನ್ನೂ ಅಪ್ಪನ ಕೈಯಲ್ಲೇ ಮಾಡಿಸಿದರು: ‘ನಾಲ್ಕು ಎಂಬುದನ್ನು ಕಾಲು ಎಂದು ಓದಿಕೊಳ್ಳಿ.’ ಈಗಾಗಲೇ ಮನೆ ಸೇರಿದ ಪ್ರತಿಗಳನ್ನು ಮಾತ್ರ ಕಾಲ್ನಡಿಗೆಯಲ್ಲೇ ಹುಡುಕಿ ತರಬೇಕಾಯಿತು.

ಬಾಗಿಲು ತಟ್ಟಿ ಬರಿಗೈಯಲ್ಲಿ ಕೇಳುವುದು ಅಪ್ಪನಿಗೆ ಆಗದು. ಒಂದು ಕರಪತ್ರಕ್ಕೆ ಒಂದು ಕಾರ್ಡು ಎಂದು ತಮ್ಮ ಲಾಂದ್ರ, ಹಕ್ಕಿ, ಮೇಣದಬತ್ತಿಗಳನ್ನೆಲ್ಲ ಕೊಟ್ಟು ಬಂದರು. ಮಗಳು ಆಗ ಸಣ್ಣವಳು, ಅಪ್ಪನ ಹಿಂದೆ ಕಾರ್ಡಿನ ಚೀಲ ಹಿಡಿದುಕೊಂಡು ಹೋಗಿದ್ದಳು. ಪ್ರತಿ ಬಾಗಿಲಲ್ಲೂ ಅಪ್ಪ ತಲೆ ತಗ್ಗಿಸುವುದನ್ನು ನೋಡಿದಳು. ಒಳ್ಳೆಯ ಕಾರ್ಡೆಲ್ಲ ಕೈತಪ್ಪಿ ಹೋಗುತ್ತಿರುವುದನ್ನೂ ನೋಡಿದಳು, ಸಂಕಟಪಟ್ಟಳು. ದೊಡ್ಡವಳಾದ ಮೇಲೆ ಮನೆ ಮನೆಗೆ ಹೋಗಿ ಅವಳು ಕೂಡಿಸತೊಡಗಿದ್ದು ಮೊದಲಿಗೆ ಅವನ್ನೇ. ಉಳಿದದ್ದೆಲ್ಲ ಅದರ ಬೆನ್ನಿಗೆ ಬಂದ ಹುಚ್ಚು.

ಅಪ್ಪ ಮತ್ತೆ ಮೊಳೆ ಮುಟ್ಟಲಿಲ್ಲ. ಕೆಲಸದ ಕೊನೆಯವರೆಗೂ ಕಾಗದ ಕತ್ತರಿಸಿಕೊಂಡು ಇದ್ದುಬಿಟ್ಟರು. ಊರು ಮಾತ್ರ ಅವರಿಗೆ ‘ನಾಲ್ಕು ಚಮಚ’ ಎಂದು ಹೆಸರಿಟ್ಟು, ಶಾಲೆಯಲ್ಲಿ ಅವರ ಮಗಳನ್ನೂ ‘ನಾಲ್ಕು ಚಮಚದ ಮಗಳು’ ಎಂದು ಕರೆಯಿತು. ಹಾಗೆ ಕರೆದ ಒಬ್ಬಳ ಜಡೆ ಹಿಡಿದು ಎಳೆದದ್ದಕ್ಕೆ ಪರದೆಯಕ್ಕನಿಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ಈಗ ಅಪ್ಪನಿಗೆ ಎಂಬತ್ತು ದಾಟಿದೆ. ಬೆಳಗ್ಗೆ ಅಂಗಡಿಗೆ ಬಂದು, ಮೂಲೆಯ ಕುರ್ಚಿಯಲ್ಲಿ ಕೂತು, ಪರದೆಯ ಬಳೆಗಳನ್ನು ಕೋಲಿಗೆ ಪೋಣಿಸಿಕೊಡುತ್ತಾರೆ. ಸಂಜೆಯ ಚಹಾಕ್ಕೆ ಎದುರು ಬೀದಿಯ ಬೇಕರಿಯ ‘ಖಾರದ ಕೇಕು’ ಒಂದು ತುಂಡು ಬೇಕೇ ಬೇಕು. ಊರಿನ ಮಿಕ್ಕ ಕೇಕೆಲ್ಲ ಸಿಹಿ ಮಣ್ಣು, ಇದನ್ನು ಮಾಡಿದವಳಿಗೆ ಮಾತ್ರ ಗುಂಡಿಗೆ ಇದೆ ಎನ್ನುವುದು ಅವರ ತೀರ್ಪು. ಖಾರ ಯಾವುದರದ್ದು ಎಂದರೆ ಮೆಣಸಿನದು ಎನ್ನುತ್ತಿದ್ದರು. ಅಳಿಯ ಒಮ್ಮೆ ಬಾಯಿತಪ್ಪಿ, ಮಾವ, ಇದು ಶುಂಠಿಯಲ್ಲವೇ ಎಂದುಬಿಟ್ಟ. ಮಾವ ನೋಡಿದ ನೋಟಕ್ಕೆ ಅಳಿಯ ಆಮೇಲೆ ಮೆಣಸೇ ಎಂದು ಒಪ್ಪಿಕೊಂಡ. ಬೇಕರಿಯವರು ಗುಟ್ಟು ಬಿಟ್ಟುಕೊಟ್ಟವರಲ್ಲ.

ಈ ವರ್ಷ ಗ್ರಂಥಾಲಯದವರು ಕ್ರಿಸ್‌ಮಸ್ ವಾರಕ್ಕೆ ತಮ್ಮ ಹಜಾರ ಬಿಟ್ಟುಕೊಟ್ಟು, ನಿಮ್ಮ ಸಂಗ್ರಹವನ್ನು ಜನ ನೋಡಲಿ ಎಂದರು. ಪರದೆಯಕ್ಕ ಬಾಗಿಲಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದಳು: ‘ನಿಮ್ಮ ಮನೆಯ ಹಳೆಯ ಕಾರ್ಡು, ಕರಪತ್ರವನ್ನೂ ತನ್ನಿ, ತೋರಿಸಿ.’ ಹಜಾರದ ನಡುವಿನ ಮೇಜನ್ನು ಅಪ್ಪನ ಕಾರ್ಡುಗಳಿಗೆಂದೇ ಇಟ್ಟುಕೊಂಡಳು. ಪ್ರತಿಯೊಂದರ ಕೆಳಗೆ ಒಂದು ಚೀಟಿ. ಚೀಟಿಯಲ್ಲಿ ಚಿತ್ರದ ವಿವರ, ಅದರ ಕೆಳಗೆ ‘ಮುದ್ರಣ’ ಎಂದು ಬರೆದು ಎರಡು ಚುಕ್ಕಿ. ಆ ಚುಕ್ಕಿಗಳ ಮುಂದೆ ಅಪ್ಪನ ಹೆಸರು ಬರೆಯಬೇಕು ಎಂಬುದೇ ಅವಳ ಇಷ್ಟು ವರ್ಷದ ಆಸೆ.

ಕೇಳಿದಾಗ ಅಪ್ಪ ಕೈಯಲ್ಲಿದ್ದ ಬಳೆಗಳನ್ನು ಕೆಳಗಿಟ್ಟರು.

“ಕಾರ್ಡು ಇಡು. ಹೆಸರು ಬೇಡ.”

“ಯಾಕಪ್ಪ? ಇಷ್ಟು ಚೆಂದದ ಕೆಲಸ.”

“ನನ್ನ ಹೆಸರು ಕಂಡ ಕೂಡ್ಲೇ ಜನಕ್ಕೆ ಲಾಂದ್ರ ಕಾಣಲ್ಲ, ಚಮಚ ಕಾಣುತ್ತೆ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಂದು ಶುಂಠಿಗೆ ಹೋಯ್ತು.”

ನೋಡಲಾದರೂ ಬನ್ನಿ ಎಂದಳು. ಬರುವುದಿಲ್ಲ ಎಂದರು. ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಎಂಬತ್ತು ದಾಟಿದ ಅಪ್ಪನ ಮೇಲೆ ಸಿಟ್ಟು ಮಾಡಿ ಮಾಡುವುದೇನು? ಹೆಸರಿಲ್ಲದ ಚೀಟಿಗಳನ್ನೇ ಇಟ್ಟು ಬಂದಳು. ಸುಳ್ಳು ಹೆಸರು ಹಾಕಲಿಲ್ಲ, ಆ ಸಾಲನ್ನು ಅಳಿಸಲೂ ಇಲ್ಲ. ಎರಡು ಚುಕ್ಕಿ, ಮುಂದೆ ಖಾಲಿ.

ಜನ ಬಂದರು, ಅವಳು ಎಣಿಸಿದ್ದಕ್ಕಿಂತ ಹೆಚ್ಚೇ ಬಂದರು. ಅಜ್ಜಿಯೊಬ್ಬರು ಒಲೆ ಕಂಪನಿಯ ಕರಪತ್ರದ ಮುಂದೆ ನಿಂತು, ತನ್ನ ಮದುವೆಯ ಹೊಸದರಲ್ಲಿ ಇದನ್ನು ನೋಡಿಯೇ ಬ್ರೆಡ್ಡು ಸುಟ್ಟದ್ದು ಎಂದು ಮೊಮ್ಮಗಳಿಗೆ ಹೆಮ್ಮೆಯಿಂದ ಹೇಳಿದರು. ನಡುವಿನ ಮೇಜಿನ ಹತ್ತಿರ ಬಂದವರೆಲ್ಲ ಲಾಂದ್ರದ ಕಾರ್ಡಿನ ಮೇಲೆ ಬಗ್ಗುತ್ತಿದ್ದರು, ಯಾರು ಮಾಡಿದ್ದು ಎನ್ನುತ್ತಿದ್ದರು, ಚೀಟಿ ನೋಡುತ್ತಿದ್ದರು, ಆಮೇಲೆ ಅವಳ ಮುಖ ನೋಡುತ್ತಿದ್ದರು. ಪ್ರತಿ ಸಲವೂ ಅವಳು ಅಪ್ಪನ ಹೆಸರು ಹೇಳದೆ ಪಕ್ಕದ ಕಾರ್ಡನ್ನು ತೋರಿಸುತ್ತಿದ್ದಳು. ಹೊಗಳಿಕೆ ಇಷ್ಟು ಹತ್ತಿರ ಬಿದ್ದಿದ್ದರೂ ಅದನ್ನು ಮನೆಗೆ ಒಯ್ಯುವ ಹಾಗಿಲ್ಲ.

ಎರಡನೆಯ ದಿನ ಮಧ್ಯಾಹ್ನ ಬೇಕರಿಯ ಸೊಸೆ ಬಂದಳು. ತಲೆ ಅರ್ಧ ನೆರೆತು, ಅವಳಿಗೇ ಸೊಸೆ ಬಂದಿದ್ದರೂ ಊರಿಗೆ ಅವಳು ಇನ್ನೂ ಬೇಕರಿಯ ಸೊಸೆಯೇ. ಬೇಕರಿ ಕಟ್ಟಿದ ಅವಳ ಅತ್ತೆ ಅಂಥ ಹೆಂಗಸು. ತೀರಿಕೊಂಡು ಎಷ್ಟೋ ವರ್ಷವಾದರೂ ಗಲ್ಲಾಪೆಟ್ಟಿಗೆಯ ಹಿಂದೆ ಕೂತೇ ಇದ್ದಾಳೆ ಎನ್ನಿಸುವಂಥವಳು. ಸೊಸೆಯ ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಕಂಕುಳಲ್ಲಿ ಒಂದು ಫೋಟೋ ಚೌಕಟ್ಟು.

ಚೌಕಟ್ಟಿನಲ್ಲಿದ್ದದ್ದು ಲಾಂದ್ರದ ಕಾರ್ಡು. ಅತ್ತೆ ಅದನ್ನು ಒಲೆಯ ಮೇಲಿನ ಗೋಡೆಗೆ ತೂಗುಹಾಕಿದ್ದಳಂತೆ. ಪರದೆಯಕ್ಕ ಸಂತೋಷದಿಂದ ಅದನ್ನು ತನ್ನ ಪ್ರತಿಯ ಪಕ್ಕದಲ್ಲಿಟ್ಟು ನೋಡುತ್ತಿರುವಾಗ ಸೊಸೆ ಸೆರಗಿನ ಗಂಟಿನಿಂದ ಇನ್ನೊಂದು ಕಾಗದ ತೆಗೆದಳು. ಎಣ್ಣೆ ಕುಡಿದು ಕುಡಿದು ಗಾಜಿನಂತಾಗಿದ್ದ ಕಾಗದ. ಹಿಟ್ಟಿನ ಕಂಪನಿಯ ಚಿತ್ರ, ಕೇಕಿನ ಚಿತ್ರ, ಕೆಳಗೆ ಸಾಮಾನಿನ ಪಟ್ಟಿ. ಪರದೆಯಕ್ಕನ ಕಣ್ಣು ನೇರವಾಗಿ ಆ ಸಾಲಿಗೇ ಹೋಯಿತು. ಶುಂಠಿ ಪುಡಿ, ನಾಲ್ಕು ಚಮಚ.

ಒಂದು ಪ್ರತಿಯೂ ಉಳಿದಿಲ್ಲ ಎಂದು ಅವಳು ನಂಬಿದ್ದ ಕಾಗದ. ಮೊದಲು ಅವಳಿಗೆ ಅನ್ನಿಸಿದ್ದು ಅದನ್ನು ಮಡಿಚಿ ಯಾರಿಗೂ ಕಾಣದ ಹಾಗೆ ಚೀಲಕ್ಕೆ ಹಾಕಿಬಿಡಬೇಕು ಎಂದೇ. ಸಂಗ್ರಹ ಮಾಡುವವಳಿಗೆ ಬರಬಾರದ ಯೋಚನೆ ಅದು. ಆದರೆ ಅವಳು ಮೊದಲು ಮಗಳು, ಆಮೇಲೆ ಸಂಗ್ರಹಕಾರ್ತಿ.

ಇದು ಎಲ್ಲಿ ಸಿಕ್ಕಿತು ಎಂದು ಕೇಳಿದಳು. ಸೊಸೆ ಆಚೀಚೆ ನೋಡಿ ದನಿ ತಗ್ಗಿಸಿದಳು.

“ನಮ್ಮ ಖಾರದ ಕೇಕು ಇದೇ ಅಕ್ಕ. ಬೇಕರಿ ಎದ್ದು ನಿಂತಿದ್ದೇ ಇದರ ಮೇಲೆ. ನಮ್ಮತ್ತೆ ಆ ವರ್ಷ ಇದನ್ನ ನೋಡಿ ಮಾಡಿದ್ರಂತೆ, ಮನೆಯವ್ರೆಲ್ಲ ಬಾಯಿ ಬಾಯಿ ಬಡ್ಕೊಂಡು ಎರಡನೇ ತುಂಡು ಕೇಳಿದ್ರಂತೆ. ಆಮೇಲೆ ಯಾರೋ ಕಾರ್ಡು ಹಿಡ್ಕೊಂಡು ಬಂದು, ಇದು ತಪ್ಪು ಅಚ್ಚಾಗಿದೆ, ವಾಪಸ್ ಕೊಡಿ ಅಂದ್ರಂತೆ. ಅತ್ತೆಗೆ ಕೊಡೋ ಮನಸ್ಸಿಲ್ಲ, ಕಾರ್ಡು ಬಿಡೋ ಮನಸ್ಸೂ ಇಲ್ಲ. ಅದೇ ಕಂಪನಿಯ ಸೂಪಿನ ಕರಪತ್ರ ಒಂದಿತ್ತು, ಅದನ್ನ ಮಡಿಚಿ ಕೈಗಿಟ್ರಂತೆ. ಆ ಮನುಷ್ಯ ತಲೆನೇ ಎತ್ಲಿಲ್ವಂತೆ, ಬಿಚ್ಚಿ ನೋಡ್ಲೂ ಇಲ್ವಂತೆ.”

ಪರದೆಯಕ್ಕ ಆ ಕಾಗದವನ್ನೇ ಮತ್ತೊಮ್ಮೆ ನೋಡಿದಳು. ಆ ಬಾಗಿಲು ಯಾವುದಿತ್ತೋ, ಚೀಲ ಹಿಡಿದು ಅವಳೂ ಅಲ್ಲಿ ನಿಂತಿದ್ದಿರಬೇಕು.

“ಸಾಯೋ ಮುಂಚೆ ಅತ್ತೆ ಹೇಳಿದ್ರು, ಆ ಕಾರ್ಡಿನೋರು ಸಿಕ್ರೆ ತಪ್ಪೊಪ್ಪಿಕೊಂಡು ಒಂದು ಕೇಕು ಕೊಡು ಅಂತ. ನಾನು ಬೇರೆ ಊರಿಂದ ಬಂದವಳು, ಅವ್ರು ಯಾರು ಅಂತಲೇ ನಂಗೆ ಗೊತ್ತಿಲ್ಲ. ನಿನ್ನೆ ಇಲ್ಲಿ ಇದೇ ಲಾಂದ್ರ ನೋಡಿದೆ, ಅದಕ್ಕೇ ಇದನ್ನೆಲ್ಲ ಹಿಡ್ಕೊಂಡು ಬಂದೆ. ನಿಮ್ಗೆ ಗೊತ್ತಾ ಅಕ್ಕ?”

ಅಪ್ಪ ಕರಪತ್ರ ನೋಡಿ ಮನಸ್ಸು ಮುರಿದುಕೊಂಡು ಕೂತರೆ? ಇದ್ದ ಮಾತೂ ನಿಂತುಹೋದರೆ? ಗಾಯ ಮಾಗಿದೆಯೋ ಬರೀ ಮೇಲೆ ಹಕ್ಕಳೆ ಕಟ್ಟಿದೆಯೋ ಯಾರು ಬಲ್ಲರು? ಆದರೆ ತಟ್ಟೆಯ ಬಟ್ಟೆಯ ಸಂದಿನಿಂದ ಬಂದ ಆ ವಾಸನೆ ಪರದೆಯಕ್ಕನ ಅಂಗಡಿಯ ಪ್ರತಿ ಸಂಜೆಯ ವಾಸನೆ. ನಗು ಬಂತು, ಕಣ್ಣೂ ತುಂಬಿತು. ಹಜಾರವನ್ನು ಗ್ರಂಥಪಾಲಕರ ಸುಪರ್ದಿಗೆ ಬಿಟ್ಟು ಸೊಸೆಯನ್ನು ಕರೆದುಕೊಂಡು ಅಂಗಡಿಗೆ ನಡೆದಳು.

ಅಪ್ಪ ಚಹಾದ ಲೋಟ ಹಿಡಿದು, ಇವತ್ತಿನ ಕೇಕು ಇನ್ನೂ ಬರಲಿಲ್ಲವಲ್ಲ ಎಂದು ಬೀದಿ ನೋಡುತ್ತಿದ್ದರು. ಬೇಕರಿಯವಳೇ ತಟ್ಟೆ ಹಿಡಿದು ಬಂದದ್ದನ್ನು ಕಂಡು ಖುಷಿಯಾದರು. ಸೊಸೆ ಮೊದಲು ಕೇಕು ಕೊಟ್ಟಳು. ಅವರು ಅರ್ಧ ತಿನ್ನುವವರೆಗೆ ಸುಮ್ಮನಿದ್ದಳು. ವ್ಯಾಪಾರ ಬಲ್ಲವಳು. ಆಮೇಲೆ ಅತ್ತೆಯ ಕತೆ ಹೇಳಿ, ಕರಪತ್ರವನ್ನು ಅವರ ಮಡಿಲಲ್ಲಿಟ್ಟಳು.

ಅಪ್ಪ ತುಂಡನ್ನು ತಟ್ಟೆಗೆ ಇಳಿಸಿ, ಕೈ ಒರೆಸಿಕೊಂಡು, ಕನ್ನಡಕ ಏರಿಸಿದರು. ಹಳೆಯ ಅಭ್ಯಾಸದಂತೆ ಸಾಲಿನ ಕೆಳಗೆ ಬೆರಳು ಸರಿಸುತ್ತ ಮೊದಲಿನಿಂದ ಓದಿದರು. ಮೈದಾ ದಾಟಿತು, ಬೆಣ್ಣೆ ದಾಟಿತು, ಮೊಟ್ಟೆ ದಾಟಿತು. ಬೆರಳು ಆ ಸಾಲಿಗೆ ಬಂದು ನಿಂತಿತು. ಅವರು ಹರಿದುಹಾಕಿದರೂ ಹಾಕಬಹುದಿತ್ತು. ಹರಿಯುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗೇ ಇತ್ತು.

“ಅಂದ್ರೆ ಇಷ್ಟು ವರ್ಷ ನಾನು ತಿಂದಿದ್ದು…” ಎಂದರು ಅಪ್ಪ.

“ನಿಮ್ಮದೇ ಯಜಮಾನ್ರೇ,” ಎಂದಳು ಸೊಸೆ. “ಊರೆಲ್ಲ ತಿಂದಿದ್ದೂ ನಿಮ್ಮದೇ. ಕಾಲು ಚಮಚ ಹಾಕಿ ಒಂದ್ಸಲ ಮಾಡಿ ನೋಡಿದ್ವಿ. ನಾಯಿನೂ ಮೂಸಲಿಲ್ಲ.”

ಅಪ್ಪನ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾರೆ ಎಂದು ಮಗಳು ಹೆದರಿ ಹತ್ತಿರ ಹೋದಳು. ನಗುತ್ತಿದ್ದರು. ಕೆಮ್ಮು ಬರುವವರೆಗೆ ನಕ್ಕರು, ಕೆಮ್ಮಿ ಮತ್ತೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ಉಳಿದರ್ಧ ತುಂಡನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು, ಮೊದಲ ಸಲ ತಿನ್ನುವವರ ಹಾಗೆ.

“ಶುಂಠಿನೇ,” ಎಂದು ಒಪ್ಪಿಕೊಂಡರು. “ಮೆಣಸಲ್ಲ.”

ಮರುದಿನ ಬೆಳಗ್ಗೆ ಅಪ್ಪ ಇಸ್ತ್ರಿ ಹಾಕಿದ ಅಂಗಿ ತೊಟ್ಟು, ಜೇಬಿಗೆ ಶಾಯಿ ಪೆನ್ನು ಸಿಕ್ಕಿಸಿಕೊಂಡು, ಅಳಿಯನ ತೋಳು ಹಿಡಿದು ಗ್ರಂಥಾಲಯದ ಮೆಟ್ಟಿಲು ಹತ್ತಿದರು. ಕೂರಿ ಎಂದರೆ ಕೂರಲಿಲ್ಲ. ಒಂದೊಂದೇ ಕಾರ್ಡಿನ ಮುಂದೆ ನಿಂತರು. ಹಕ್ಕಿಯ ರೆಕ್ಕೆಯ ಕೆಂಪು ಬಣ್ಣ ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಸರಿದಿರುವುದನ್ನು ತಾವೇ ಎಲ್ಲರಿಗೂ ತೋರಿಸಿದರು. ಆ ಹೊತ್ತಿಗೆ ಸುದ್ದಿ ಬೇಕರಿಯಿಂದ ಊರಿಗೆಲ್ಲ ಹರಡಿ ಹಜಾರದಲ್ಲಿ ಜನ ಕಿಕ್ಕಿರಿದಿದ್ದರು. ಹಿಂದಿನಿಂದ ಒಬ್ಬ ಮುದುಕ, ಇವರೇ ನೋಡಿ ನಮ್ಮ ನಾಲ್ಕು ಚಮಚ ಎಂದ. ಪರದೆಯಕ್ಕನ ಕೈ ಹಳೆಯ ಅಭ್ಯಾಸದಿಂದ ಜಡೆ ಹುಡುಕಿತು, ಆದರೆ ಆ ದನಿಯಲ್ಲಿ ಅಪಹಾಸ್ಯ ಇರಲಿಲ್ಲ. ತನ್ನ ಮನೆಯ ಹಿರಿಯನನ್ನು ತೋರಿಸುವವನ ದನಿ ಅದು.

ಅಪ್ಪ ಪೆನ್ನು ತೆಗೆದರು. ಲಾಂದ್ರದ ಚೀಟಿಯ ಎರಡು ಚುಕ್ಕಿಯ ಮುಂದೆ ತಮ್ಮ ಹೆಸರು ಬರೆದರು. ಮೊದಲಕ್ಷರವಲ್ಲ, ಪೂರ್ತಿ ಹೆಸರು. ಹಕ್ಕಿಯ ಚೀಟಿಯಲ್ಲಿ ಬರೆದರು, ಮೇಣದಬತ್ತಿಯ ಚೀಟಿಯಲ್ಲಿ ಬರೆದರು. ಒಂದಕ್ಷರವೂ ಸಾಲು ತಪ್ಪಲಿಲ್ಲ. ಮಗಳು ಪಕ್ಕದಲ್ಲಿ ನಿಂತು, ಒಂದೊಂದು ಚೀಟಿಯ ಶಾಯಿಯನ್ನೂ ಊದಿ ಆರಿಸಿದಳು. ಅವಳ ಜೀವಮಾನದಲ್ಲಿ ಅಷ್ಟು ಸಂತೋಷದ ಕೆಲಸ ಇನ್ನೊಂದಿರಲಿಲ್ಲ.

ಕೊನೆಯಲ್ಲಿ ಕರಪತ್ರ ಉಳಿಯಿತು. ಬೇಕರಿಯ ಸೊಸೆ ಅದನ್ನು ಹಬ್ಬದ ವಾರಕ್ಕೆಂದು ಕೊಟ್ಟಿದ್ದಳು. ಅದರ ಕೆಳಗೆ ಏನು ಬರೆಯಬೇಕೆಂದು ತೋಚದೆ ಪರದೆಯಕ್ಕ ಚೀಟಿಯನ್ನು ಖಾಲಿ ಬಿಟ್ಟಿದ್ದಳು. ತಪ್ಪು ಎಂದು ಬರೆಯಲು ಮನಸ್ಸಿಲ್ಲ, ಬರೆಯದೆ ಇದ್ದರೆ ನೋಡುವವರಿಗೆ ಗೊತ್ತಾಗುವುದಿಲ್ಲ. ಅಪ್ಪನನ್ನೇ ಕೇಳಿದಳು.

“ಆ ತಿದ್ದುಪಡಿ ಚೀಟಿ ಜೋಡಿಸಿದ್ದು ನಾನೇ ಅಲ್ವಾ,” ಎಂದರು ಅಪ್ಪ. “ಅದರ ಒಕ್ಕಣೆ ನಂಗೆ ಬಾಯಿಪಾಠ. ಸ್ವಲ್ಪ ತಿದ್ದಬೇಕು ಅಷ್ಟೆ.”

ಮೇಜಿನ ಮೇಲೆ ಮೊಣಕೈ ಊರಿ, ಒಂದೊಂದು ಅಕ್ಷರವನ್ನೂ ಮೊಳೆ ಇಡುವಂತೆ ಇಟ್ಟು ಬರೆದರು. ಬರೆದು ಮುಗಿಸಿ, ಕೆಳಗೆ ತಮ್ಮ ಹೆಸರು ಹಾಕಿ, ಚೀಟಿಯನ್ನು ಮಗಳ ಕಡೆಗೆ ತಿರುಗಿಸಿ, ಗಟ್ಟಿಯಾಗಿ ಓದು ಎಂದರು. ಅವಳು ಇಡೀ ಹಜಾರಕ್ಕೆ ಕೇಳುವಂತೆ ಓದಿದಳು:

“ನಾಲ್ಕು ಎಂಬುದನ್ನು ನಾಲ್ಕು ಎಂದೇ ಓದಿಕೊಳ್ಳಿ.”